ಜಾಕೆಟ್ಟಿನ ಸರದಿ

"ಅತ್ತಿಗೆ, ಅಣ್ಣ ಇವತ್ತು ಯಾವ ಬಣ್ಣದ ಜಾಕೆಟ್ ಹಾಕ್ಕೊಂಡು ಹೋದ್ರು? ಹೆಲಿಕಾಪ್ಟರ್‌ನವರು ಕೇಳ್ತಿದಾರೆ."

ರಕ್ಷಣಾ ತಂಡದ ಎರ್ಮೆಕ್ ವಾಕಿಟಾಕಿಯನ್ನು ಬಾಯಿಯ ಹತ್ತಿರ ಹಿಡಿದು ಬಾಗಿಲಲ್ಲೇ ನಿಂತಿದ್ದ. ಮೇಲೆ ಸ್ಕೀಯಿಂಗ್ ಇಳಿಜಾರಿನಲ್ಲಿ ಹಿಮ ಕುಸಿದ ಮೇಲೆ ಬುರುಲ್‌ಳ ಗಂಡ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಬುರುಲ್ ಒಲೆಯ ಪಕ್ಕದ ಮೊಳೆಯತ್ತ ನೋಡಿದಳು. ಅವನ ಕಿತ್ತಳೆ ಬಣ್ಣದ ಜಾಕೆಟ್ ಅಲ್ಲೇ ನೇತಾಡುತ್ತಿತ್ತು. ಮುಟ್ಟಿದಳು, ಅದರ ತೋಳು ಇನ್ನೂ ಒದ್ದೆಯಾಗಿತ್ತು. "ದಿನಾ ಇದನ್ನೇ ಹಾಕಿ ಹಾಳು ಮಾಡ್ಬೇಡ. ಒಣಗ್ಲಿ ಬಿಡು, ಇವತ್ತು ಇನ್ನೊಂದರ ಸರದಿ," ಎಂದು ಬೆಳಿಗ್ಗೆ ಅವನ ಕೈಯಿಂದ ಕಿತ್ತುಕೊಂಡವಳು ಅವಳೇ. "ಅದ್ರಲ್ಲಿ ಚಳಿಗಾಲದ ಮೊಲ ಇದ್ದ ಹಾಗಿರ್ತೀನಿ ಕಣೇ," ಎಂದು ಗೊಣಗುತ್ತಲೇ ಅವನು ಆ ಇನ್ನೊಂದನ್ನು ಹಾಕಿಕೊಂಡು ಹೋಗಿದ್ದ.

"ಬೇಗ ಹೇಳಿ ಅತ್ತಿಗೆ."

"ಬಿಳಿ."

ಎರ್ಮೆಕ್ ವಾಕಿಟಾಕಿಯನ್ನು ಮೆಲ್ಲಗೆ ಕೆಳಗಿಳಿಸಿದ.