ಧಾರಾವಾಹಿ ಸೀರೆ

ಶ್ರಾವಣ ಹತ್ತಿರವಾಗಿತ್ತು. ಟಿವಿ ಧಾರಾವಾಹಿಯ ನಾಯಕಿ ಉಡುವಂಥದೇ ಸೀರೆಯನ್ನು ನೀಲವ್ವ ಮಗ್ಗದಲ್ಲಿ ನೇಯುತ್ತಿದ್ದಳು. ಸೀರೆ ಅಂಗಡಿಯ ಸಾಹುಕಾರ ಬಾಗಿಲಲ್ಲೇ ನಿಂತ.

"ಮಗ್ಗ ನಿಲ್ಲಸು, ನೀಲವ್ವ. ಮಂದಿ ಕೈಯಾಗ ರೊಕ್ಕಿಲ್ಲ, ಟಿವಿಯವರಿಗೆ ಜಾಹೀರಾತಿಲ್ಲ. ಹತ್ತು ವರ್ಷದ ಧಾರಾವಾಹಿ ಇವತ್ತ ಮುಗಸ್ತಾರ. ನಾಯಕಿ ಸಾಯ್ತಾಳಂತ. ಸತ್ತಾಕಿ ಸೀರಿ ಯಾರು ಉಡ್ತಾರ?"

"ಗಂಡ ಬದುಕ್ಯಾನೋ ಇಲ್ಲೋ?"

"ಯಾರ ಗಂಡ?"

"ಆಕಿ ಗಂಡರೀ, ಧಾರಾವಾಹ್ಯಾಗ."

"ಗಟ್ಟಿಮುಟ್ಟ ಅದಾನ. ಅವನ್ನ ತಗೊಂಡು ನೀ ಏನ್ ಮಾಡ್ತಿ?"

"ಹಂಗಾರ ನಾ ನಿಲ್ಲಸಂಗಿಲ್ಲ, ಸಾವ್ಕಾರ್ರ," ಎಂದು ನೀಲವ್ವ ಲಾಳಿ ಎಸೆದಳು.

ಮರುದಿನ ಸಾಹುಕಾರ ಬರುವ ಮೊದಲೇ ಹೆಂಗಸರು ಅಂಗಡಿ ಕಟ್ಟೆಯ ಮೇಲೆ ಕೂತಿದ್ದರು.

"ಈ ಸಲ ಒಂದ ಸೀರಿ ತಗೊಳ್ಳೂದ್ರಿ. ಮುತ್ತೈದಿಯಾಗಿ ಹ್ವಾದ ಆ ಪುಣ್ಯವಂತಿ ಉಡ್ತಿದ್ದಂಥಾದ್ದ ಕೊಡ್ರಿ."