ಆಯುಧಪೂಜೆಯ ಗಿರಾಕಿ

ಆಯುಧಪೂಜೆಯ ಬೆಳಿಗ್ಗೆ ತೀರ್ಥಪ್ಪ ತನ್ನ ಕಂಪ್ಯೂಟರ್ ಅಂಗಡಿಯ ಬಾಗಿಲು ತೆಗೆದು, ಮಾರಾಟವಾಗದೆ ಉಳಿದ ಕಂಪ್ಯೂಟರುಗಳ ಧೂಳು ಒರೆಸುತ್ತಿದ್ದ. ಊರವರ ಕೈಗೆಲ್ಲ ಮೊಬೈಲ್ ಬಂದ ಮೇಲೆ ಈ ಕಡೆ ತಲೆ ಹಾಕುವವರೇ ಇರಲಿಲ್ಲ. ಮೊದಮೊದಲು ಸಂಕಟವಾಗುತ್ತಿತ್ತು. ಈಗ ಅದೂ ಇಲ್ಲ.

ಎದುರು ಮಹಡಿಯಲ್ಲಿ ಮೊನ್ನೆಯಷ್ಟೇ ಆಫೀಸು ತೆರೆದಿದ್ದ ಹುಡುಗಿ ಒಳಗೆ ಬಂದಳು. "ಸಾರ್, ಒಂದು ಕಂಪ್ಯೂಟರ್ ಬೇಕಿತ್ತು, ಈಗಲೇ."

ಒರೆಸುತ್ತಿದ್ದ ಕೈ ನಿಂತಿತು. "ಯಾವ ಕೆಲಸಕ್ಕಮ್ಮ? ಅದಕ್ಕೆ ತಕ್ಕದ್ದು ಕೊಡ್ತೀನಿ."

"ಯಾವುದಾದ್ರೂ ಸರಿ. ನೋಡೋಕೆ ದೊಡ್ಡದಾಗಿರಬೇಕು ಅಷ್ಟೇ."

"ಹಾಗಾದ್ರೆ ಇದು ನೋಡಮ್ಮ. ಆನ್ ಮಾಡಿ ತೋರಿಸ್ತೀನಿ."

"ಅದೆಲ್ಲ ಬೇಡ ಬಿಡಿ ಸಾರ್."

ಇಷ್ಟು ಸಲೀಸಾಗಿ ಅವನ ಅಂಗಡಿಯಲ್ಲಿ ಯಾರೂ ವ್ಯಾಪಾರ ಮುಗಿಸಿರಲಿಲ್ಲ. ಖುಷಿಯಾಗಬೇಕಿತ್ತು, ಆಗಲಿಲ್ಲ. ಬಿಲ್ ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದ.

"ಯಾರ ಹೆಸರಿಗೆ ಬರೀಲಮ್ಮ?"

"ಬಿಲ್ ಯಾಕೆ ಸಾರ್, ಸಂಜೆ ವಾಪಸ್ ತಂದುಕೊಡ್ತೀವಿ. ನಮ್ಮ ಆಫೀಸಲ್ಲಿ ಎಲ್ಲರೂ ಮೊಬೈಲಲ್ಲೇ ಕೆಲಸ ಮಾಡೋದು, ಪೂಜೆಗೆ ಹಾರ ಹಾಕೋಕೆ ಏನೂ ಇಲ್ಲ."