ಕೂದಲೆಳೆಯಷ್ಟು ವಾಲು

ಯಂತ್ರದ ಮೇಲುಕೆಳಗಿನ ಕಂಪನವನ್ನಷ್ಟೇ ಆ ಸಂವೇದಕ ಗ್ರಹಿಸಬೇಕಿತ್ತು. ಒಳಗಿನ ಸ್ಫಟಿಕ ಕೂದಲೆಳೆಯಷ್ಟು ವಾಲಿದರೂ ಪಕ್ಕದ ಅಲುಗಾಟವೂ ಬಂದು ಸೇರುತ್ತಿತ್ತು. ಆ ದೋಷ ನೀಗಿಸಲೆಂದೇ ಬಂದಿದ್ದ ವತ್ಸಲಾ, ಅದು ನೀಗಿದ ಮರುದಿನ ತಮ್ಮ ಊರಿಗೆ ಮರಳುವವರಿದ್ದರು. ಆಮೇಲೆ ಪ್ರಯೋಗಾಲಯದಲ್ಲಿ ಶೇಷಗಿರಿಯವರ ಜೊತೆ ಮಾತಾಡುವವರು ಯಾರೂ ಉಳಿಯುತ್ತಿರಲಿಲ್ಲ. ಮನೆಯಲ್ಲಂತೂ ಮೊದಲೇ ಇರಲಿಲ್ಲ. ಆದ್ದರಿಂದ ಶೇಷಗಿರಿಯವರು ದಿನವೂ ಸಂಜೆ ಗುಟ್ಟಾಗಿ ಸ್ಫಟಿಕವನ್ನು ತುಸು ವಾಲಿಸಿ ಹೋಗುತ್ತಿದ್ದರು.

ನಿನ್ನೆ ಮನಸ್ಸು ಚುಚ್ಚಿತು. ಸ್ಫಟಿಕವನ್ನು ನೆಟ್ಟಗೆ ನಿಲ್ಲಿಸಿ, ತಿರುಪು ಬಿಗಿದು ಹೊರಟಿದ್ದರು.

ಆದರೆ ಇಂದೂ ಪರದೆಯ ಮೇಲೆ ಪಕ್ಕದ ಅಲುಗಾಟ ಮೂಡಿತು. ಮುಚ್ಚಳ ತೆಗೆದು ನೋಡಿದರೆ, ಸ್ಫಟಿಕ ವಾಲಿತ್ತು.

"ಇದೇನ್ ಮೇಡಂ, ನಿನ್ನೆ ನಾನೇ ನೆಟ್ಟಗೆ ನಿಲ್ಲಿಸಿದ್ನಲ್ಲ!"

ವತ್ಸಲಾ ತಲೆಯೆತ್ತಲಿಲ್ಲ. "ಹೂಂ, ನೋಡ್ದೆ ಸಾರ್. ದಿನಾ ವಾಲಿಸ್ತಿದ್ರಲ್ಲ, ನಿನ್ನೆ ಮರೆತ್ರೇನೋ ಅಂತ ನಾನೇ ವಾಲಿಸ್ದೆ."